ಬೇರೆ ಬಣ್ಣದ ಜಿಗಿಹುಳು ಸಿಕ್ಕರೆ ಅದು ಹೊಸ ಪ್ರಭೇದನಾ?

ಪ್ರಶ್ನೆ: ಸರ್, ನಮ್ಮ ಹತ್ತಿ ಹೊಲದಾಗ ಉಳಿದ ಜಿಗಿಹುಳು ಎಲ್ಲಾ ಹಸಿರು ಅದಾವ, ಒಂದು ಮಾತ್ರ ಹಳದಿ ಐತಿ. ಇದು ಹೊಸಾ ಜಾತಿ ಏನ್ರಿ? (ಸವಣೂರು ಕಡೆಯ ಓದುಗರು)

ಉತ್ತರ: ಜಿಗಿಹುಳು ರಸ ಹೀರಿ ಹತ್ತಿ ಎಲೆಯ ಅಂಚು ಕೆಂಪಾಗಿ ಮುದುಡಲು ಶುರುವಾದರೆ ಸಾಕು, ಈ ಪ್ರಶ್ನೆ ಬರುತ್ತದೆ. ಮಾವು ಹೂ ಬಿಡುವಾಗ ಧಾರವಾಡದ ತೋಟಗಳಿಂದ ಮತ್ತೆ ಬರುತ್ತದೆ. ಎಷ್ಟು ಸಲ ಉತ್ತರ ಕೊಟ್ಟಿದ್ದೇನೋ ಲೆಕ್ಕವಿಲ್ಲ. ಈ ಸಲ ಪೂರ್ತಿ ಬರೆದುಬಿಡುತ್ತೇನೆ.

ಬಣ್ಣ ನೋಡಿ ಹೊಸ ಪ್ರಭೇದ ಎನ್ನಲು ಬರುವುದಿಲ್ಲ. ಪೊರೆ ಕಳಚಿದ ಹುಳು ಮೊದಲು ಬಿಳಿಚಿಕೊಂಡಿರುತ್ತದೆ, ಆಮೇಲೆ ಬಣ್ಣ ಏರುತ್ತದೆ. ಸ್ಪಿರಿಟ್‌ನಲ್ಲಿ ಹಾಕಿಟ್ಟರೆ ಹಸಿರು ಹೋಗಿ ಹಳದಿ ಉಳಿಯುತ್ತದೆ. ಕಲಘಟಗಿ ಕಡೆ ಭತ್ತದ ಗದ್ದೆಗೆ ಹೋಗಿ ಹಸಿರು ಜಿಗಿಹುಳು ನೋಡಿ. ಗಂಡಿನ ರೆಕ್ಕೆಯ ತುದಿ ಕಪ್ಪು, ಹೆಣ್ಣಿನದು ಮಾಸಲು. ಗಂಡುಗಳಲ್ಲೇ ರೆಕ್ಕೆ ನಡುವಿನ ಕಪ್ಪು ಚುಕ್ಕೆ ಒಂದರಲ್ಲಿ ದೊಡ್ಡದು, ಇನ್ನೊಂದರಲ್ಲಿ ಸಣ್ಣದು. ಬಣ್ಣವನ್ನೇ ನಂಬಿದರೆ ಒಂದೇ ಗದ್ದೆಯಲ್ಲಿ ಮೂರು ಪ್ರಭೇದ ಆಗುತ್ತವೆ, ಅಲ್ವಾ?

ಈ ತಪ್ಪು ರೈತರದ್ದಷ್ಟೇ ಅಲ್ಲ. 1908ರ ಸುಮಾರಿಗೆ ಇಂಗ್ಲೆಂಡಿನ ಕೀಟಶಾಸ್ತ್ರಜ್ಞ ಡಬ್ಲ್ಯು.ಎಲ್. ಡಿಸ್ಟಂಟ್ ನಮ್ಮ ದೇಶದ ಜಿಗಿಹುಳುಗಳನ್ನು ಬಣ್ಣ, ತಲೆಯ ಆಕಾರ, ರೆಕ್ಕೆ ನೋಡಿಯೇ ವಿವರಿಸಿದರು. ಅವರ ಮಾದರಿಗಳು ಇಂದಿಗೂ ಲಂಡನ್ನಿನ ಮ್ಯೂಸಿಯಂನಲ್ಲಿವೆ. ಮುಂದಿನವರು ಅವನ್ನೇ ಮತ್ತೆ ತೆಗೆದು, ಹೊಟ್ಟೆಯ ತುದಿ ಬಿಡಿಸಿ ನೋಡಬೇಕಾಯಿತು.

ಯಾಕೆ ಹೊಟ್ಟೆಯ ತುದಿ? ಗಂಡಿನ ಜನನಾಂಗ ಇರುವುದು ಅಲ್ಲಿ. ಅದರ ಆಕಾರ ಒಂದೇ ಪ್ರಭೇದದೊಳಗೆ ಹೆಚ್ಚು ಬದಲಾಗುವುದಿಲ್ಲ. ಪಕ್ಕದ ಪ್ರಭೇದಕ್ಕೆ ಹೋದರೆ ಮಾತ್ರ ಬೇರೆಯಾಗಿರುತ್ತದೆ. ಹತ್ತಿಯ ಜಿಗಿಹುಳು ಇಡೀ ಸುಮಾರು 3 ಮಿ.ಮೀ. ಅದರ ಹೊಟ್ಟೆಯನ್ನು ಸೂಜಿಯಿಂದ ಬಿಡಿಸಿ 10% ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣದಲ್ಲಿ ಬೆಚ್ಚಗೆ ಇಡುತ್ತೇವೆ. ಮಾಂಸ ಕರಗಿ ಗಟ್ಟಿ ಚಿಪ್ಪು ಮಾತ್ರ ಉಳಿಯುತ್ತದೆ. ತೊಳೆದು ಒಂದು ಹನಿ ಗ್ಲಿಸರಿನ್‌ನಲ್ಲಿ ಹಾಕಿ ಮೈಕ್ರೋಸ್ಕೋಪಿಗೆ ಇಟ್ಟರೆ, ಬೆಲ್ಲದ ಪಾಕದ ಬಣ್ಣದ ಒಂದು ಪುಟ್ಟ ಕೊಳವೆ ಕಾಣುತ್ತದೆ. ಅದೇ ಈಡೀಗಸ್, ವೀರ್ಯ ಸಾಗಿಸುವ ಅಂಗ. ಒಂದರಲ್ಲಿ ಅದು ಕೊಕ್ಕೆಯಂತೆ ಬಾಗಿರುತ್ತದೆ, ಇನ್ನೊಂದರಲ್ಲಿ ತುದಿಗೆ ಎರಡು ಮುಳ್ಳು. ಮೊದಲ ಸಲ ನೋಡುವ ವಿದ್ಯಾರ್ಥಿ ತಲೆ ಎತ್ತುವುದೇ ಇಲ್ಲ. ನನಗೆ ಈಗಲೂ ಹಾಗೇ.

ಆ ಕೊಳವೆಯನ್ನು ಪಕ್ಕದಿಂದ ಒಂದು, ಹಿಂದಿನಿಂದ ಒಂದು ಚಿತ್ರ ಬರೆದು, ಈಗಾಗಲೇ ಹೆಸರಿರುವ ಹತ್ತಿರದ ಪ್ರಭೇದಗಳೊಂದಿಗೆಲ್ಲ ಹೋಲಿಸಬೇಕು. ಜಗತ್ತಿನಲ್ಲಿ ಹೆಸರಿಟ್ಟ ಜಿಗಿಹುಳುಗಳೇ 20,000ಕ್ಕೂ ಜಾಸ್ತಿ. ಯಾವುದಕ್ಕೂ ಹೊಂದದಿದ್ದರೆ ಆಗ ಹೊಸದು. ಒಂದು ಹುಳುವನ್ನು ಹೋಲೋಟೈಪ್, ಅಂದರೆ ಆ ಹೆಸರಿಗೆ ಆಧಾರವಾದ ಮಾದರಿ, ಎಂದು ಗುರುತಿಸಿ, ಹೆಸರು ಮತ್ತು ವಿವರಣೆಯೊಂದಿಗೆ ಪ್ರಕಟಿಸಬೇಕು. ಬಿಡಿಸಿದ ಹೊಟ್ಟೆಯನ್ನೂ ಬಿಸಾಡುವುದಿಲ್ಲ. ಚಿಕ್ಕ ಸೀಸೆಯಲ್ಲಿ ಗ್ಲಿಸರಿನ್ ಹಾಕಿ, ಅದೇ ಹುಳುವಿನ ಪಿನ್ನಿಗೆ ಸಿಕ್ಕಿಸಿಡುತ್ತೇವೆ. ನೂರು ವರ್ಷ ಬಿಟ್ಟು ಬಂದವರೂ ತೆರೆದು ನೋಡಬೇಕಲ್ಲ.

ಹಾಗಾದರೆ ಹೆಣ್ಣು ಮಾತ್ರ ಸಿಕ್ಕರೆ? ಇದನ್ನು ಯಾರೂ ಕೇಳುವುದಿಲ್ಲ, ಆದರೆ ಕೇಳಬೇಕಾದದ್ದು ಇದೇ. ಹೆಣ್ಣಿನ ಹೊಟ್ಟೆಯ ತುದಿಯಲ್ಲಿ ಗರಗಸದಂಥ ಅಂಗ ಇರುತ್ತದೆ. ಅದರಿಂದ ಎಲೆಯ ನರ ಸೀಳಿ ಒಳಗೆ ಮೊಟ್ಟೆ ಇಡುತ್ತದೆ. ಆದರೆ ಎಷ್ಟೋ ಕುಲಗಳಲ್ಲಿ, ಅಂದರೆ ಹತ್ತಿರದ ಪ್ರಭೇದಗಳ ಗುಂಪುಗಳಲ್ಲಿ, ಬೇರೆ ಬೇರೆ ಪ್ರಭೇದದ ಹೆಣ್ಣುಗಳೂ ಒಂದೇ ತರಹ. ಒಂಟಿ ಹೆಣ್ಣನ್ನು ನಂಬಿ ಹೊಸ ಹೆಸರು ಇಡಲು ಹೆಚ್ಚಿನವರು ಒಪ್ಪುವುದಿಲ್ಲ. ಅದೇ ಗಿಡದಲ್ಲಿ, ಅದೇ ದಿನ ಸಿಕ್ಕ ಗಂಡಿನ ಜೊತೆ, ಸಾಧ್ಯವಾದರೆ ಡಿಎನ್ಎ ನೋಡಿಯೂ, ತಾಳೆ ಹಾಕುತ್ತೇವೆ.

ಅದಕ್ಕೇ ಹೇಳುವುದು, ಬೆಂಕಿಪೊಟ್ಟಣದಲ್ಲಿ ಒಂದೇ ಹುಳು ತರಬೇಡಿ. ಒಂದೇ ಗಿಡದಿಂದ ಹತ್ತು-ಹದಿನೈದು ಹಿಡಿದು ಸ್ಪಿರಿಟ್ ಇರುವ ಸೀಸೆಗೆ ಹಾಕಿ. ಅಡ್ಡಡ್ಡ ಓಡುವ ರೆಕ್ಕೆ ಬಲಿಯದ ಮರಿಗಳು ಬೇಡ, ಹಾರುವಂಥವೇ ಬೇಕು. ಊರು, ತಾರೀಖು, ಗಿಡದ ಹೆಸರು, ಹಿಡಿದವರ ಹೆಸರು ಚೀಟಿಯಲ್ಲಿ ಬರೆದು ಸೀಸೆಯೊಳಗೇ ಹಾಕಿ. ಪೆನ್ಸಿಲ್‌ನಲ್ಲೇ ಬರೆಯಿರಿ, ಪೆನ್ನಿನ ಇಂಕು ಸ್ಪಿರಿಟ್‌ನಲ್ಲಿ ಕರಗಿಹೋಗುತ್ತದೆ.