ಫ್ಯಾನು ನಿಂತದ್ದು ಗಾಳಿ ಇಲ್ಲದ್ದಕ್ಕಲ್ಲ

ಆಷಾಢದಲ್ಲಿ ಗದಗದಿಂದ ಮುಂಡರಗಿಗೆ ಬಸ್ಸಿನಲ್ಲಿ ಹೊರಟಿದ್ದೆ. ಕಿಟಕಿ ಸ್ವಲ್ಪ ಸರಿಸಿದರೂ ಮುಖಕ್ಕೆ ಮಣ್ಣು ರಾಚುವಂಥ ಗಾಳಿ. ದೂರದಲ್ಲಿ ಕಪ್ಪತಗುಡ್ಡದ ಸಾಲು, ಅಲ್ಲಲ್ಲಿ ಗಾಳಿಯಂತ್ರಗಳು. ಈ ಕಡೆಯವರು ಅದಕ್ಕೆ ಫ್ಯಾನು ಅಂತಲೇ ಅನ್ನುತ್ತಾರೆ. ಹೆಚ್ಚಿನವು ತಿರುಗುತ್ತಿದ್ದವು, ಮೂರು ಮಾತ್ರ ಸುಮ್ನೆ ನಿಂತಿದ್ದವು. ಇಷ್ಟು ಗಾಳಿಯಲ್ಲಿ ಅವು ಯಾಕೆ ನಿಂತಿವೆ ಅಂತ ಪಕ್ಕದ ಸೀಟಿನ ಅಜ್ಜನನ್ನು ಕೇಳಿದೆ. "ಗಾಳಿಗೇನ್ ಬರ ಬಂದೈತ್ರಿ? ಕರೆಂಟ್ ಹೋಗಾಕ ದಾರಿ ಬೇಕಲ್ರೀ" ಅಂದರು.

ಫ್ಯಾನು ನಿಲ್ಲೋಕೆ ರಿಪೇರಿ, ಬೇರಿಂಗು ಅಂತ ಹತ್ತು ಕಾರಣ ಇರುತ್ತವೆ. ಆದರೆ ಅಜ್ಜ ಹೇಳಿದ ಕಾರಣ ಇದೆಯಲ್ಲ, ಅದು ಬರೀ ಗದಗದ ಕಥೆಯಲ್ಲ. ಗಾಳಿ ವಿದ್ಯುತ್ತಿಗೆ ಕೈ ಹಾಕಿದ ದೇಶಗಳೆಲ್ಲ ಒಂದಲ್ಲ ಒಂದು ದಿನ ಆ ಮಾತಿಗೇ ಬಂದು ನಿಂತಿವೆ.

ದಾರಿ ಅಂದರೆ ಏನು ಅಂತ ಮೊದಲು ನೋಡೋಣ. ಫ್ಯಾನಿನ ತಲೆಯೊಳಗಿನ ಜನರೇಟರ್ ಸಾಮಾನ್ಯವಾಗಿ 690 ವೋಲ್ಟ್ ಆಸುಪಾಸಿನಲ್ಲಿ ಕರೆಂಟು ಕೊಡುತ್ತದೆ. ನಮ್ಮ ಪಂಪ್‌ಸೆಟ್ಟಿನ 400 ವೋಲ್ಟಿಗಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಬುಡದಲ್ಲಿರುವ ಟ್ರಾನ್ಸ್‌ಫಾರ್ಮರ್ ಅದನ್ನು 33 ಕೆವಿಗೆ, ಅಂದರೆ 33 ಸಾವಿರ ವೋಲ್ಟಿಗೆ ಏರಿಸುತ್ತದೆ. ಅಲ್ಲಿಂದ ಹೊಲಗಳ ಮೇಲೆ ಕಂಬದಿಂದ ಕಂಬಕ್ಕೆ ಹಾದು ಎಲ್ಲ ಫ್ಯಾನುಗಳ ಕರೆಂಟು ಒಂದು ಪೂಲಿಂಗ್ ಸ್ಟೇಷನ್ ಸೇರುತ್ತದೆ. ಅಲ್ಲಿ ಮತ್ತೆ 220 ಕೆವಿ ಅಥವಾ 400 ಕೆವಿಗೆ ಏರಿ ದೊಡ್ಡ ಟವರ್‌ಗಳ ಮೇಲೆ ಊರು ಬಿಡುತ್ತದೆ. ವೋಲ್ಟೇಜ್ ಏರಿಸೋದು ಯಾಕೆ? ಅಷ್ಟೇ ಶಕ್ತಿ ಸಾಗಿಸೋಕೆ ವೋಲ್ಟೇಜ್ ಎರಡು ಪಟ್ಟು ಮಾಡಿದರೆ ತಂತಿಯಲ್ಲಿ ಹರಿಯುವ ಕರೆಂಟು (ಆಂಪಿಯರ್) ಅರ್ಧ ಸಾಕು. ಕರೆಂಟು ಅರ್ಧವಾದರೆ ತಂತಿ ಬಿಸಿಯಾಗಿ ಪೋಲಾಗೋದು ಕಾಲು ಭಾಗಕ್ಕೆ ಇಳಿಯುತ್ತದೆ.

ಇಷ್ಟರಲ್ಲಿ ಕಷ್ಟ ಏನೂ ಕಾಣಲ್ಲ, ಅಲ್ವಾ? ಕಷ್ಟ ಇರೋದು ಕ್ಯಾಲೆಂಡರಿನಲ್ಲಿ. ಜಾಗ ಕೈಗೆ ಸಿಕ್ಕ ಮೇಲೆ ಫ್ಯಾನುಗಳ ಒಂದು ಗುಂಪು ಎದ್ದು ನಿಲ್ಲೋಕೆ ಒಂದೂವರೆ ಎರಡು ವರ್ಷ ಸಾಕು. ದೊಡ್ಡ ವಿದ್ಯುತ್ ಮಾರ್ಗಕ್ಕೆ ಸರ್ವೆ, ಅರಣ್ಯದ ಅನುಮತಿ, ಟೆಂಡರ್, ಹೊಲದವರ ಒಪ್ಪಿಗೆ ಎಲ್ಲ ಸೇರಿ ನಾಲ್ಕೈದು ವರ್ಷ ಸಲೀಸಾಗಿ ಹೋಗುತ್ತದೆ. ಲೈನು ಇಲ್ಲದ ಕಡೆ ಫ್ಯಾನು ಹಾಕೋಕೆ ಬ್ಯಾಂಕು ಸಾಲ ಕೊಡಲ್ಲ. ಫ್ಯಾನೇ ಇಲ್ಲದ ಕಡೆಗೆ ಲೈನು ಎಳೆದರೆ, ಜನರ ದುಡ್ಡು ಯಾಕೆ ಹಾಳು ಮಾಡಿದಿರಿ ಅಂತ ವಿದ್ಯುತ್ ನಿಯಂತ್ರಣ ಆಯೋಗ ಕೇಳುತ್ತದೆ. ಇಬ್ಬರೂ ಬಾಗಿಲಲ್ಲಿ ನಿಂತು "ನೀವು ಮೊದಲು, ನೀವು ಮೊದಲು" ಅಂದಂತೆ.

ಗದಗಕ್ಕೆ ಪಕ್ಕದ ಕೊಪ್ಪಳದಲ್ಲಿ ಮುನಿರಾಬಾದಿನ ತುಂಗಭದ್ರಾ ಅಣೆಕಟ್ಟು ಇದೆ. ಅಲ್ಲಿನ ಕಾಲುವೆಯನ್ನು ರೈತರು ತಮ್ಮ ತಮ್ಮ ಹೊಲಕ್ಕೆ ಒಬ್ಬೊಬ್ಬರೇ ತೋಡಿಕೊಳ್ಳಲಿಲ್ಲ. ಮೊದಲು ದೊಡ್ಡ ಕಾಲುವೆ ಬಂತು, ಆಮೇಲೆ ಗದ್ದೆಗಳು ಹುಟ್ಟಿದವು. ಗಾಳಿ ವಿದ್ಯುತ್ತಿನಲ್ಲಿ ನಾವು ಬಹಳ ಕಾಲ ಮಾಡಿದ್ದು ಇದರ ಉಲ್ಟಾ. ಕಂಪನಿಯೊಂದು ಅರ್ಜಿ ಹಾಕುತ್ತದೆ, ಹತ್ತಿರದ ಸಬ್‌ಸ್ಟೇಷನ್ನಿಗೆ ತನ್ನದೇ ಲೈನು ಎಳೆದುಕೊಳ್ಳುತ್ತದೆ. ಆರು ತಿಂಗಳಿಗೆ ಇನ್ನೊಂದು ಕಂಪನಿ, ಅದರ ಪಕ್ಕದಲ್ಲೇ ಇನ್ನೊಂದು ಲೈನು. ಮೂರನೆಯವರು ಬರುವ ಹೊತ್ತಿಗೆ ಸಬ್‌ಸ್ಟೇಷನ್ ತುಂಬಿರುತ್ತದೆ. ಅದನ್ನು ದೊಡ್ಡದು ಮಾಡುವ ಖರ್ಚು ಪೂರ್ತಿ ಆ ಮೂರನೆಯವರ ತಲೆಗೆ.

ಜಾಗದ ಲೆಕ್ಕ ಹಾಕಿದರೆ ಇದು ಎಷ್ಟು ದಡ್ಡತನ ಅಂತ ಗೊತ್ತಾಗುತ್ತದೆ. 220 ಕೆವಿ ಮಾರ್ಗಕ್ಕೆ ಉದ್ದಕ್ಕೂ 35 ಮೀಟರ್ ಅಗಲದ ಪಟ್ಟಿ ಬೇಕು. ಎರಡೂ ಬದಿಗೆ ತಂತಿ ಇರುವ ಡಬಲ್ ಸರ್ಕ್ಯೂಟ್ ಆದರೂ ಅದು ಸಾಗಿಸೋದು ಸುಮಾರು 400 ಮೆಗಾವ್ಯಾಟ್. ಹಾಗಾದರೆ 2500 ಮೆಗಾವ್ಯಾಟಿಗೆ ಇಂಥ ಆರೇಳು ಮಾರ್ಗ, ಅಂದರೆ 200 ಮೀಟರಿಗೂ ಜಾಸ್ತಿ ಅಗಲದ ಪಟ್ಟಿ. ಅದೇ 400 ಕೆವಿಯಲ್ಲಿ ದಪ್ಪ ತಂತಿ ಹಾಕಿದರೆ ಒಂದೆರಡು ಮಾರ್ಗ ಸಾಕು. ಒಂದಕ್ಕೆ ಬೇಕಾದ ಅಗಲ 46 ಮೀಟರ್. ಆದರೆ ಆ ದಪ್ಪ ತಂತಿಯನ್ನು ಮೊದಲು ಬಂದ ಕಂಪನಿ ಯಾಕೆ ಹಾಕುತ್ತದೆ? ಅದಕ್ಕೆ ಬೇಕಿರೋದು ತನ್ನ 100 ಮೆಗಾವ್ಯಾಟ್ ಅಷ್ಟೇ.

ಒಟ್ಟಿಗೆ ಯೋಚಿಸಿದರೆ ಸಿಗುವ ಇನ್ನೊಂದು ಲಾಭ ಗಾಳಿಯ ಸ್ವಭಾವದಲ್ಲೇ ಇದೆ. ಗಾಳಿಯ ವೇಗ ಎರಡು ಪಟ್ಟಾದರೆ ಅದರಲ್ಲಿರುವ ಶಕ್ತಿ ಎಂಟು ಪಟ್ಟಾಗುತ್ತದೆ. ಹಾಗಾಗಿ ಒಂದೇ ಗುಡ್ಡದ ಫ್ಯಾನುಗಳ ಉತ್ಪಾದನೆ ದಿನಕ್ಕೆ ಹತ್ತು ಸಲ ಏರಿಳಿಯುತ್ತದೆ. ನೂರು ಕಿಲೋಮೀಟರ್ ಆಚೆಯ ಇನ್ನೊಂದು ಗುಂಪು ಅದೇ ಗಳಿಗೆಗೆ ಏರಬೇಕು ಅಂತೇನಿಲ್ಲ. ಹತ್ತು ಗುಂಪು ಸೇರಿಸಿದರೆ ಎಲ್ಲವೂ ಒಮ್ಮೆಗೇ ತುತ್ತತುದಿ ಮುಟ್ಟೋದು ಅಪರೂಪ. ಜೊತೆಗೆ ಮುಂಗಾರಿನಲ್ಲಿ ನಮ್ಮ ಕಡೆ ಸಂಜೆ, ರಾತ್ರಿಯೂ ಗಾಳಿ ಜೋರು, ಸೋಲಾರ್ ಹಗಲಿನದ್ದು. ಇಬ್ಬರೂ ಒಂದೇ ಲೈನನ್ನು ಪಾಳಿ ಹಾಕಿಕೊಂಡು ಬಳಸಬಹುದು.

ನನಗೆ ತುಂಬ ಇಷ್ಟವಾದ ಸಂಗತಿ ಮಾತ್ರ ಬೇರೆ. ತಂತಿಗೆ ಮಿತಿ ಹಾಕೋದು ಬಿಸಿ. ಜಾಸ್ತಿ ಕರೆಂಟು ಹರಿದರೆ ಅದು ಬಿಸಿಯಾಗಿ ಹಿಗ್ಗಿ ಜೋತು ಬೀಳುತ್ತದೆ, ನೆಲದಿಂದ ಇರಬೇಕಾದ ಎತ್ತರ ತಪ್ಪುತ್ತದೆ. ನಮ್ಮಲ್ಲಿ ಈ ಮಿತಿಯನ್ನು 45 ಡಿಗ್ರಿ ಬಿಸಿಲು ಅಂತ ಇಟ್ಟುಕೊಂಡು ಲೆಕ್ಕ ಹಾಕುತ್ತಾರೆ. ಆದರೆ ಫ್ಯಾನು ಜೋರಾಗಿ ತಿರುಗುವ ದಿನ ಅದೇ ಗಾಳಿ ತಂತಿಯನ್ನೂ ತಣ್ಣಗೆ ಮಾಡುತ್ತಿರುತ್ತದೆ! ಅಳೆದು ನೋಡಿದರೆ ಆ ಹೊತ್ತಿನಲ್ಲಿ ತಂತಿ ಇನ್ನೂ ಹೊರಬಲ್ಲದು. ಯುರೋಪು, ಅಮೆರಿಕದ ಕೆಲವು ಕಡೆ ತಂತಿಯ ಬಿಸಿಯನ್ನು ಆಗಿಂದಾಗ ಅಳೆದು ಮಿತಿ ಬದಲಿಸುತ್ತಾರೆ. ಹೊಸ ಟವರ್ ಇಲ್ಲದೆ ಸಿಗುವ ದಾರಿ ಇದು.

ಕಾಲುವೆ ಮೊದಲು ಅಂತ ಧೈರ್ಯ ಮಾಡಿದ ದೊಡ್ಡ ಉದಾಹರಣೆ ಅಮೆರಿಕದ ಟೆಕ್ಸಸ್ ರಾಜ್ಯ. ಅಲ್ಲಿ ಗಾಳಿ ಇರೋದು ಪಶ್ಚಿಮದ ಹತ್ತಿ ಹೊಲ, ದನ ಮೇಯುವ ಬಯಲಿನಲ್ಲಿ. ಜನ ಇರೋದು ಡಲ್ಲಾಸ್, ಹ್ಯೂಸ್ಟನ್ ಕಡೆ. 2009ರಲ್ಲಿ ಅಲ್ಲಿ ತಯಾರಾಗಬಹುದಾಗಿದ್ದ ಗಾಳಿ ವಿದ್ಯುತ್ತಿನಲ್ಲಿ ಸುಮಾರು 17 ಶೇಕಡಾ ಸುಮ್ನೆ ಬಿಟ್ಟುಕೊಡಬೇಕಾಯಿತು, ಕಾರಣ ಲೈನಿನಲ್ಲಿ ಜಾಗ ಇರಲಿಲ್ಲ. ಅಷ್ಟರಲ್ಲಾಗಲೇ, 2005ರಲ್ಲಿ, ಅಲ್ಲಿನ ಶಾಸನಸಭೆ ಒಂದು ಕಾನೂನು ಮಾಡಿತ್ತು. ಗಾಳಿ ಚೆನ್ನಾಗಿರುವ ವಲಯಗಳನ್ನು ನಿಯಂತ್ರಕರೇ ಗುರುತಿಸಬೇಕು, ಅಲ್ಲಿಗೆ ಮೊದಲು ಲೈನು ಎಳೆಸಬೇಕು, ಖರ್ಚನ್ನು ಎಲ್ಲ ಗ್ರಾಹಕರೂ ಹಂಚಿಕೊಳ್ಳಬೇಕು. 2008ರಲ್ಲಿ ಐದು ವಲಯ ಗೊತ್ತುಮಾಡಿದರು. ಬಂದವರಿಗೆಲ್ಲ ಮಣೆ ಹಾಕಲಿಲ್ಲ. ಕಂಪನಿಗಳು ಜಾಗ ಗುತ್ತಿಗೆ ಹಿಡಿದಿವೆಯೇ, ದುಡ್ಡು ಹೂಡಿವೆಯೇ ಅಂತ ನೋಡಿದರು. 2014ರ ಆರಂಭದ ಹೊತ್ತಿಗೆ ಸುಮಾರು 5800 ಕಿಲೋಮೀಟರ್ ಲೈನು ಮುಗಿದಿತ್ತು, 18500 ಮೆಗಾವ್ಯಾಟ್ ಗಾಳಿ ವಿದ್ಯುತ್ತಿಗೆ ಸಾಕಾಗುವಷ್ಟು. ಆ ವರ್ಷ ಪೋಲು ಅರ್ಧ ಶೇಕಡಾಕ್ಕೆ ಇಳಿಯಿತು.

ಎಲ್ಲ ಸಲೀಸಾಗಿ ನಡೆಯಿತು ಅಂದುಕೊಳ್ಳಬೇಡಿ. ಸುಮಾರು 490 ಕೋಟಿ ಡಾಲರ್ ಅಂತ ಅಂದಾಜಿಸಿದ್ದು 700 ಕೋಟಿ ಹತ್ತಿರ ಹೋಯಿತು. ಜಮೀನಿನವರ ಜಗಳಕ್ಕೆ ಮಾರ್ಗಗಳು ಸುತ್ತಿ ಬಳಸಿದವು. ಇನ್ನೊಂದು ಮಾತು: ಟೆಕ್ಸಸ್‌ಗೆ ಹೆಚ್ಚು ಕಡಿಮೆ ತನ್ನದೇ ಗ್ರಿಡ್, ಅಂದರೆ ವಿದ್ಯುತ್ ಮಾರ್ಗಗಳ ಜಾಲ ಇದೆ, ಹೂಂ ಅನ್ನೋಕೆ ಒಬ್ಬರೇ ನಿಯಂತ್ರಕರು. ಒಪ್ಪಿಸಬೇಕಾದ ಪಕ್ಕದ ಮನೆಯವರು ಇಲ್ಲ.

ನಮಗೆ ಆ ಸುಖ ಇಲ್ಲ. ದಕ್ಷಿಣದ ಗ್ರಿಡ್ ದೇಶದ ಉಳಿದ ಗ್ರಿಡ್ ಜೊತೆ ಒಂದೇ ತಾಳಕ್ಕೆ ಬಂದದ್ದೇ 2013ರ ಡಿಸೆಂಬರ್ 31ರಂದು, ರಾಯಚೂರು-ಸೊಲ್ಲಾಪುರ 765 ಕೆವಿ ಮಾರ್ಗ ಶುರುವಾದಾಗ. ರಾಜ್ಯದೊಳಗಿನ ಲೈನು ರಾಜ್ಯ ಸರ್ಕಾರದ ಕಂಪನಿ ಕೆಪಿಟಿಸಿಎಲ್‌ದು. ರಾಜ್ಯ ದಾಟುವ ಲೈನಿನ ಯೋಜನೆ ಕೇಂದ್ರದ ಕಡೆಯದು. ಫ್ಯಾನು ನಿಂತ ಹೊಲ ಮಾತ್ರ ಒಂದೇ. 2025ರ ಜೂನ್ 30ರೊಳಗೆ ಶುರುವಾದ ಗಾಳಿ, ಸೋಲಾರ್ ಯೋಜನೆಗಳಿಗೆ ಅಂತರರಾಜ್ಯ ಲೈನಿನ ಶುಲ್ಕ ಮಾಫಿ ಇತ್ತು. ಹಾಗಿದ್ದ ಮೇಲೆ ಕಂಪನಿಗಳು ಆ ಕಡೆ ವಾಲೋದು ಸಹಜ. ಇಬ್ಬರು ಯೋಜಕರು ಕೂತು ಮಾತಾಡದಿದ್ದರೆ ಒಂದೇ ತಾಲೂಕಿನಲ್ಲಿ ಒಂದು ಸ್ಟೇಷನ್ ಕಿಕ್ಕಿರಿದು ಇನ್ನೊಂದು ಖಾಲಿ ಬಿದ್ದಿರಬಹುದು.

ಆದರೂ ಕೆಲಸ ನಡೆದಿದೆ. 2015ರಲ್ಲಿ ಮಂಜೂರಾದ ಹಸಿರು ಇಂಧನ ಕಾರಿಡಾರ್ ಯೋಜನೆಯಲ್ಲಿ ಕರ್ನಾಟಕವೂ ಸೇರಿ ಎಂಟು ರಾಜ್ಯಗಳು ಇದ್ದವು. 2022ರಲ್ಲಿ ಬಂದ ಎರಡನೇ ಹಂತದಲ್ಲೂ ನಮ್ಮ ರಾಜ್ಯ ಇದೆ. ಗದಗ, ಕೊಪ್ಪಳಗಳಿಗೆ ತಲಾ 2500 ಮೆಗಾವ್ಯಾಟ್ ಅಂತ ಮೊದಲೇ ಗುರುತಿಸಿ, ಅಷ್ಟಕ್ಕೆ ಬೇಕಾದ 400 ಕೆವಿ ಪೂಲಿಂಗ್ ಸ್ಟೇಷನ್‌ಗಳ ಯೋಜನೆ ಹಾಕಿದರು. ಟೆಕ್ಸಸ್‌ನ ದಾರಿಯೇ ಇದು, ಹೆಸರು ಬೇರೆ.

ಹೀಗೆ ಮೊದಲೇ ಜಾಗ ಮಾಡಿಟ್ಟರೆ ಇನ್ನೊಂದು ತೊಂದರೆ ಹುಟ್ಟುತ್ತದೆ. ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುತ್ತಾರಲ್ಲ, ಅದೇ. ಫ್ಯಾನು ಹಾಕುವ ಯೋಚನೆಯೇ ಗಟ್ಟಿಯಿಲ್ಲದವರು ಸಂಪರ್ಕಕ್ಕೆ ಅರ್ಜಿ ಹಾಕಿ ಕೂರುತ್ತಾರೆ. ನಿಜವಾಗಿ ಹೊರಟವರು ಬಾಗಿಲಲ್ಲಿ ನೇತಾಡುತ್ತಾರೆ. ಅದಕ್ಕೇ ಕೇಂದ್ರ ನಿಯಂತ್ರಣ ಆಯೋಗದ 2022ರ ನಿಯಮದಲ್ಲಿ ಬ್ಯಾಂಕ್ ಗ್ಯಾರಂಟಿ ಇಡಿಸುತ್ತಾರೆ, ಜಮೀನಿನ ಕಾಗದ ಕೇಳುತ್ತಾರೆ, ಗಡುವು ತಪ್ಪಿಸಿದರೆ ಸೀಟು ಕಿತ್ತುಕೊಳ್ಳುತ್ತಾರೆ. ಟವೆಲ್ಲಿಗೂ ಟಿಕೆಟ್ ತಗೋಬೇಕು ಅಂದಂತಾಯಿತು. ಇದು ಇನ್ನೂ ಮೊದಲೇ ಆಗಬೇಕಿತ್ತು ಅನ್ನೋದು ನನ್ನ ಅನಿಸಿಕೆ.

ಇಷ್ಟೆಲ್ಲ ಆದ ಮೇಲೂ ಕಡೆಗೆ ಟವರ್ ನಿಲ್ಲೋದು ಯಾರದೋ ಜೋಳದ ಹೊಲದಲ್ಲಿ. ಟವರ್ ನಿಲ್ಲಿಸುವ ಅಧಿಕಾರಕ್ಕೆ ಬಹುಕಾಲ ಆಧಾರವಾಗಿದ್ದದ್ದು 1885ರ ತಂತಿ ಕಾಯ್ದೆ. ಆ ತಂತಿ, ಅಂದರೆ ಟೆಲಿಗ್ರಾಂ, 2013ರಲ್ಲೇ ನಿಂತುಹೋಯಿತು! 2015ರ ಕೇಂದ್ರ ಮಾರ್ಗಸೂಚಿ ಪ್ರಕಾರ ಟವರ್ ಬುಡದ ಜಾಗಕ್ಕೆ ಅದರ ಬೆಲೆಯ ಶೇಕಡಾ 85 ಪರಿಹಾರ. 2024ರಲ್ಲಿ ಅದು ಶೇಕಡಾ 200 ಆಯಿತು. ತಂತಿ ಕೆಳಗಿನ ಪಟ್ಟಿಗೆ 15 ಇದ್ದದ್ದು 30 ಆಯಿತು. ಹೊಲದವರು ಅಡ್ಡ ಬಂದರು ಅಂತ ದೂರುವ ಮೊದಲು ಆ ಹಳೇ ರೇಟನ್ನು ನೆನಪು ಮಾಡಿಕೊಳ್ಳೋದು ಒಳ್ಳೇದು.

ಮುಂಡರಗಿ ಹತ್ತಿರ ಬಂದಾಗ ರಸ್ತೆಗೆ ಅಡ್ಡವಾಗಿ ಟವರ್‌ಗಳ ಒಂದು ಸಾಲು ಹಾದುಹೋಯಿತು. ಎಡಗಡೆ ಮೂರು ಕೈಗಳಿಗೆ ತಂತಿ ಇತ್ತು. ಬಲಗಡೆಯ ಮೂರು ಕೈ ಖಾಲಿ, ತಂತಿ ತೂಗುಹಾಕುವ ಪಿಂಗಾಣಿ ಸರವೂ ಇಲ್ಲ. ಎರಡು ಸರ್ಕ್ಯೂಟಿನ ಟವರ್ ನಿಲ್ಲಿಸಿ ಸದ್ಯಕ್ಕೆ ಒಂದೇ ಕಡೆ ತಂತಿ ಎಳೆದು ಬಿಡೋದು ಲೈನಿನವರಿಗೆ ಹೊಸದಲ್ಲ. ಮುಂದೆ ಬೇಕಾದಾಗ ಹೊಸ ಹೊಲ ಕೇಳಬೇಕಾಗಿಲ್ಲ, ತಂತಿ ಏರಿಸಿದರಾಯಿತು. ಅಜ್ಜನಿಗೆ ತೋರಿಸಿದೆ. ಕಣ್ಣು ಕಿರಿದು ಮಾಡಿ ನೋಡಿದರು. "ಆ ಕಡೆದು ಯಾರಿಗ್ ಬಿಟ್ಟಾರ್ರೀ?" ಅಂತ ಕೇಳಿದರು.