ಅಲೆ ಬಂದ ದಿಕ್ಕನ್ನು ಅರಿಯುವ ಬಗೆ: ಗೌರಿಬಿದನೂರಿನ ಎರಡು ಉದಾಹರಣೆಗಳು

ಅಲೆಯು ಶಕ್ತಿಯನ್ನು ಸಾಗಿಸುತ್ತದೆ, ಮಾಧ್ಯಮವನ್ನು ಸಾಗಿಸುವುದಿಲ್ಲ ಎಂಬುದನ್ನು ಪ್ರಥಮ ಪಿಯುಸಿಯ ಭೌತಶಾಸ್ತ್ರದಲ್ಲಿ ಎಲ್ಲರೂ ಓದಿರುತ್ತೇವೆ, ಎರಡು ಅಂಕದ ಪ್ರಶ್ನೆಗೆ ಅದನ್ನೇ ಬರೆದೂ ಇರುತ್ತೇವೆ. ಆದರೆ ಅಲೆಯು ತಾನು ಹುಟ್ಟಿದ ಜಾಗದ ಸುಳಿವನ್ನೂ ಹೊತ್ತು ತರುತ್ತದೆ. ಆ ಸುಳಿವನ್ನು ಓದುವ ಬಗೆಯನ್ನು ತಿಳಿದುಕೊಂಡರೆ ವೇಗ, ಆವೃತ್ತಿ, ತರಂಗದೂರ ಎಂಬ ಮೂರು ಪದಗಳ ಸಂಬಂಧ ಬಾಯಿಪಾಠವಾಗಿ ಉಳಿಯುವುದಿಲ್ಲ. ಇದಕ್ಕೆ ಚಿಕ್ಕಬಳ್ಳಾಪುರ ಜಿಲ್ಲೆಯ ಗೌರಿಬಿದನೂರಿಗಿಂತ ಒಳ್ಳೆಯ ಉದಾಹರಣೆ ನಮಗೆ ಹತ್ತಿರದಲ್ಲಿ ಸಿಗಲಾರದು. ಅಲ್ಲಿ ನೆಲದ ಅಲೆಗಳನ್ನು ಆಲಿಸುವ ಕೇಂದ್ರವೂ ಇದೆ, ಆಕಾಶದ ಅಲೆಗಳನ್ನು ಆಲಿಸುವ ಕೇಂದ್ರವೂ ಇದೆ.

ಮೊದಲು ಕೆರೆಯ ನೀರನ್ನು ನೋಡೋಣ. ಗಾಳದ ಬೆಂಡು ಅಲೆ ಬಂದಾಗ ದಡದತ್ತ ಓಡುವುದಿಲ್ಲ. ಮೇಲೆ ಕೆಳಗೆ, ತುಸು ಹಿಂದೆ ಮುಂದೆ ಆಡಿ, ಹೆಚ್ಚುಕಡಿಮೆ ಇದ್ದಲ್ಲಿಗೇ ಮರಳುತ್ತದೆ. ತರಂಗದೂರಕ್ಕೆ ಹೋಲಿಸಿದರೆ ನೀರಿನ ಆಳ ಬಹಳ ಕಡಿಮೆಯಿದ್ದಾಗ ಅಲೆಯ ವೇಗವನ್ನು ಆಳವೇ ನಿರ್ಧರಿಸುತ್ತದೆ: ಒಂದು ಮೀಟರ್ ಆಳದಲ್ಲಿ ಸೆಕೆಂಡಿಗೆ ಸುಮಾರು 3.1 ಮೀಟರ್, 10 ಸೆಂಟಿಮೀಟರ್ ಆಳದಲ್ಲಿ ಸುಮಾರು 1 ಮೀಟರ್. ಓರೆಯಾಗಿ ಬರುವ ಅಲೆಯಲ್ಲಿ ದಡಕ್ಕೆ ಹತ್ತಿರವಿರುವ ಭಾಗ ಮೊದಲು ನಿಧಾನವಾಗುವುದರಿಂದ ಇಡೀ ಅಲೆ ದಡದ ಕಡೆಗೆ ತಿರುಗುತ್ತದೆ. ವೇಗ ಬದಲಾದಲ್ಲಿ ದಾರಿ ಬಾಗುವ ಈ ವಕ್ರೀಭವನವು ಮುಂದೆ ನೆಲದ ಅಲೆಗಳಿಗೂ ಬೇಕಾಗುತ್ತದೆ.

ಕಲ್ಲುಕ್ವಾರಿಗಳ ಸಮೀಪದ ಊರುಗಳಲ್ಲಿ ಇರುವವರಿಗೆ ಇನ್ನೊಂದು ಸಂಗತಿ ಚೆನ್ನಾಗಿ ಗೊತ್ತು. ಎರಡು ಕಿಲೋಮೀಟರ್ ದೂರದಲ್ಲಿ ಬಂಡೆಗೆ ಮದ್ದು ಇಟ್ಟು ಸಿಡಿಸಿದಾಗ ಮೊದಲು ನೆಲ ಸಣ್ಣಗೆ ನಡುಗುತ್ತದೆ, ಅಡುಗೆಮನೆಯ ಸ್ಟ್ಯಾಂಡಿನಲ್ಲಿ ಸ್ಟೀಲ್ ತಟ್ಟೆಗಳು ಒಂದಕ್ಕೊಂದು ತಾಗಿ ಕಿಣಿಗುಟ್ಟುತ್ತವೆ, ಆಮೇಲಷ್ಟೇ ಸದ್ದು ಕೇಳುತ್ತದೆ. ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 340 ಮೀಟರ್ ಆದ್ದರಿಂದ ಸದ್ದಿಗೆ ಆರು ಸೆಕೆಂಡು ಬೇಕು. ಗಟ್ಟಿ ಗ್ರಾನೈಟಿನಲ್ಲಿ ಮೊದಲ ಅಲೆಯ ವೇಗ ಸೆಕೆಂಡಿಗೆ ಸುಮಾರು 6 ಕಿಲೋಮೀಟರ್ ಆದ್ದರಿಂದ ಅದು ಒಂದು ಸೆಕೆಂಡಿನ ಒಳಗೇ ಬಂದುಬಿಡುತ್ತದೆ. ಈ ಮೊದಲ ಅಲೆಯೇ ಪಿ ಅಲೆ. ಬಂಡೆಯನ್ನು ಒತ್ತುತ್ತ ಹಿಗ್ಗಿಸುತ್ತ ಸಾಗುವ ನೀಳ ತರಂಗ. ಅದರ ಹಿಂದೆ, ಸೆಕೆಂಡಿಗೆ ಸುಮಾರು 3.5 ಕಿಲೋಮೀಟರ್ ವೇಗದಲ್ಲಿ, ಬಂಡೆಯನ್ನು ಪಕ್ಕಕ್ಕೆ ಅಲುಗಿಸುವ ಎಸ್ ಅಲೆ ಬರುತ್ತದೆ. ಇದು ಅಡ್ಡ ತರಂಗ. ಎರಡರ ನಡುವಿನ ಅಂತರದ ಪ್ರತಿಯೊಂದು ಸೆಕೆಂಡಿಗೂ ಸುಮಾರು 8 ಕಿಲೋಮೀಟರ್ ದೂರವೆಂದು ಲೆಕ್ಕ ಹಾಕಬಹುದು. ಹೀಗೆ ಒಂದೇ ಉಪಕರಣವು ಸಮೀಪದ ಕಂಪನದ ದೂರವನ್ನು ಹೇಳಬಲ್ಲದು, ಆದರೆ ಬರಿಯ ಆಗಮನದ ವೇಳೆಯಿಂದ ದಿಕ್ಕನ್ನು ಹೇಳಲಾರದು.

ದಿಕ್ಕು ಬೇಕಾದರೆ ಅನೇಕ ಉಪಕರಣಗಳನ್ನು ದೂರದೂರಕ್ಕೆ ಇಟ್ಟು, ಅಲೆಯು ಪ್ರತಿಯೊಂದನ್ನೂ ಯಾವ ಕ್ಷಣದಲ್ಲಿ ತಲುಪಿತು ಎಂದು ಹೋಲಿಸಬೇಕು. ಭಾಭಾ ಅಣು ಸಂಶೋಧನಾ ಕೇಂದ್ರವು ನಡೆಸುವ ಗೌರಿಬಿದನೂರಿನ ಭೂಕಂಪಮಾಪಕ ಜಾಲವು 1965ರಲ್ಲಿ ಆರಂಭವಾದದ್ದು, ದೂರದ ಭೂಕಂಪಗಳ ಜೊತೆಗೆ ನೆಲದಡಿಯ ಅಣುಸ್ಫೋಟಗಳನ್ನೂ ಗುರುತಿಸುವುದಕ್ಕಾಗಿ. ಅದರ ಇಪ್ಪತ್ತು ಮಾಪಕಗಳು ಲಂಬಕೋನದಲ್ಲಿ ಸೇರುವ ಎರಡು ಉದ್ದನೆಯ ತೋಳುಗಳಲ್ಲಿ ಹರಡಿಕೊಂಡಿವೆ. ಎರಡು ತೋಳು ಏಕೆ ಎಂಬುದನ್ನು ಒಂದು ಲೆಕ್ಕದಿಂದ ತಿಳಿಯೋಣ. ಅನುಕೂಲಕ್ಕಾಗಿ ತೋಳುಗಳು ಸರಿಯಾಗಿ ಉತ್ತರಕ್ಕೂ ಪೂರ್ವಕ್ಕೂ 20 ಕಿಲೋಮೀಟರ್ ಚಾಚಿವೆ ಎಂದುಕೊಳ್ಳಿ. ಒಂದು ಪಿ ಅಲೆಯು ಮೂಲೆಯ ಮಾಪಕವನ್ನು ತಲುಪಿದ 0.6 ಸೆಕೆಂಡಿನ ಬಳಿಕ ಉತ್ತರದ ತುದಿಯನ್ನೂ, 0.8 ಸೆಕೆಂಡಿನ ಬಳಿಕ ಪೂರ್ವದ ತುದಿಯನ್ನೂ ತಲುಪಿದರೆ, ಅದು ನೈರುತ್ಯದಿಂದ ಬಂದಿದೆ ಎಂಬುದು ಸ್ಪಷ್ಟ. ಕಿಲೋಮೀಟರಿಗೆ ಇಷ್ಟು ಸೆಕೆಂಡು ಎಂದು ಬರೆದರೆ ಉತ್ತರಕ್ಕೆ 0.03, ಪೂರ್ವಕ್ಕೆ 0.04, ಪೈಥಾಗೊರಸನ ಪ್ರಮೇಯದಂತೆ ಒಟ್ಟು 0.05. ಅಂದರೆ ಅಲೆಯು ನೆಲದ ಮೇಲೆ ಸೆಕೆಂಡಿಗೆ 20 ಕಿಲೋಮೀಟರ್ ವೇಗದಲ್ಲಿ ಹಾದುಹೋದಂತೆ ತೋರುತ್ತದೆ.

ಗ್ರಾನೈಟಿನಲ್ಲಿ 6 ಕಿಲೋಮೀಟರ್ ಮಾತ್ರ ಓಡುವ ಅಲೆಗೆ 20 ಕಿಲೋಮೀಟರ್ ವೇಗ ಎಲ್ಲಿಂದ ಬಂತು ಎಂಬ ಪ್ರಶ್ನೆಯ ಮೇಲೆ ಸ್ವಲ್ಪ ಹೊತ್ತು ನಿಲ್ಲಬೇಕು, ಏಕೆಂದರೆ ಇಡೀ ವಿಷಯದ ಸೊಗಸು ಇಲ್ಲಿದೆ. ಭೂಮಿಯೊಳಗೆ ಆಳಕ್ಕೆ ಹೋದಂತೆ ವೇಗ ಹೆಚ್ಚುವುದರಿಂದ ಅಲೆಯ ದಾರಿ ಬಾಗುತ್ತದೆ. ಬಹುದೂರದಿಂದ ಬರುವ ಅಲೆ ಆಳಕ್ಕೆ ಇಳಿದು, ನಮ್ಮ ಕಾಲಡಿಯಿಂದ ಬಹುತೇಕ ನೇರವಾಗಿ ಮೇಲೆದ್ದು ಬರುತ್ತದೆ. ಕೆಳಗಿನಿಂದ ಬರುವ ಅಲೆಯು ಎಲ್ಲ ಮಾಪಕಗಳನ್ನೂ ಹೆಚ್ಚುಕಡಿಮೆ ಒಟ್ಟಿಗೇ ಮುಟ್ಟುವುದರಿಂದ ತೋರಿಕೆಯ ವೇಗ ದೊಡ್ಡದಾಗುತ್ತದೆ. ಸುಮಾರು 3,300 ಕಿಲೋಮೀಟರ್ ದೂರದ ಭೂಕಂಪಕ್ಕೆ ಈ ವೇಗ 12.5ರ ಆಸುಪಾಸು, 10,000 ಕಿಲೋಮೀಟರಿಗೆ 24ರ ಆಸುಪಾಸು. ನಮ್ಮ ಲೆಕ್ಕದ 20 ಎಂದರೆ ಎಂಟೊಂಬತ್ತು ಸಾವಿರ ಕಿಲೋಮೀಟರ್. ಹೀಗೆ ದಿಕ್ಕೂ ದೂರವೂ ಎರಡು ಸಣ್ಣ ವಿಳಂಬಗಳಿಂದಲೇ ದೊರೆಯುತ್ತವೆ. ಆ ವಿಳಂಬಗಳನ್ನು ಸರಿಪಡಿಸಿ ಇಪ್ಪತ್ತೂ ದಾಖಲೆಗಳನ್ನು ಕೂಡಿಸಿದರೆ ಇನ್ನೊಂದು ಲಾಭವಿದೆ: ಲಾರಿ, ಗಾಳಿ, ಪಂಪ್‌ಸೆಟ್ಟುಗಳ ಗದ್ದಲ ಒಂದೊಂದು ಮಾಪಕದಲ್ಲಿ ಒಂದೊಂದು ಬಗೆಯಾಗಿರುವುದರಿಂದ ಪರಸ್ಪರ ಅಳಿಯುತ್ತದೆ, ನಿಜವಾದ ಅಲೆಯು ಗದ್ದಲಕ್ಕಿಂತ ಇಪ್ಪತ್ತರ ವರ್ಗಮೂಲದಷ್ಟು, ಅಂದರೆ ಸುಮಾರು ನಾಲ್ಕೂವರೆ ಪಟ್ಟು, ಎದ್ದು ಕಾಣುತ್ತದೆ.

ಆಕಾಶದ ಅಲೆಗಳಿಗೂ ಇದೇ ತತ್ವ. ರಾಮನ್ ಸಂಶೋಧನಾ ಸಂಸ್ಥೆ ಮತ್ತು ಭಾರತೀಯ ಖಭೌತ ಸಂಸ್ಥೆಗಳು ಗೌರಿಬಿದನೂರಿನ ಬಳಿ ಕಟ್ಟಿದ ರೇಡಿಯೋ ದೂರದರ್ಶಕವು 34.5 ಮೆಗಾಹರ್ಟ್ಸ್ ಆವೃತ್ತಿಯಲ್ಲಿ ಕೆಲಸ ಮಾಡಲು ರೂಪಿಸಿದ್ದು. ಬೆಳಕಿನ ವೇಗವನ್ನು ಈ ಆವೃತ್ತಿಯಿಂದ ಭಾಗಿಸಿದರೆ ತರಂಗದೂರ ಸುಮಾರು 8.7 ಮೀಟರ್. ಇಲ್ಲಿ ಕನ್ನಡಿಯಾಗಲಿ ಬೋಗುಣಿಯಾಗಲಿ ಇಲ್ಲ. 1,000 ದ್ವಿಧ್ರುವ ಆಂಟೆನಾಗಳ ಸಾಲುಗಳಿವೆ, ಪೂರ್ವ ಪಶ್ಚಿಮವಾಗಿ ಸುಮಾರು 1.4 ಕಿಲೋಮೀಟರ್, ದಕ್ಷಿಣಕ್ಕೆ ಸುಮಾರು 450 ಮೀಟರ್. ನೆತ್ತಿಯಿಂದ ಪೂರ್ವಕ್ಕೆ 30 ಡಿಗ್ರಿ ವಾಲಿದ ಮೂಲದಿಂದ ಬರುವ ಅಲೆಯು ಪಶ್ಚಿಮದ ತುದಿಗೆ 700 ಮೀಟರ್ ಹೆಚ್ಚು ಸಾಗಬೇಕಾಗುತ್ತದೆ, ಆದ್ದರಿಂದ ಅಲ್ಲಿಗೆ ಸುಮಾರು 2.3 ಮೈಕ್ರೋಸೆಕೆಂಡು ತಡವಾಗಿ ತಲುಪುತ್ತದೆ. ನೆಲದ ಜಾಲದಲ್ಲಿ ಸೆಕೆಂಡಿನ ಭಾಗಗಳಲ್ಲಿದ್ದ ವಿಳಂಬ ಇಲ್ಲಿ ಸೆಕೆಂಡಿನ ದಶಲಕ್ಷದ ಭಾಗಗಳಿಗೆ ಇಳಿದಿದೆ, ಗಣಿತ ಮಾತ್ರ ಬದಲಾಗಿಲ್ಲ.

ಇಷ್ಟು ದೊಡ್ಡ ಉಪಕರಣವು ಆಕಾಶದಲ್ಲಿ ಎಷ್ಟು ಸೂಕ್ಷ್ಮವಾಗಿ ನೋಡಬಲ್ಲದು ಎಂದು ತಿಳಿಯಲು ತರಂಗದೂರವನ್ನು ಉದ್ದದಿಂದ ಭಾಗಿಸಿರಿ. 8.7 ಮೀಟರನ್ನು 1,400 ಮೀಟರಿನಿಂದ ಭಾಗಿಸಿದರೆ ಸಿಗುವ ಕೋನ ಸುಮಾರು 0.0062 ರೇಡಿಯನ್, ಅಂದರೆ ಡಿಗ್ರಿಯ ಮೂರನೆಯ ಒಂದು ಭಾಗಕ್ಕಿಂತ ತುಸು ಹೆಚ್ಚು, ಹುಣ್ಣಿಮೆಯ ಚಂದ್ರನ ಅಗಲದ ಸುಮಾರು ಮೂರನೆಯ ಎರಡು ಭಾಗ. ನಮ್ಮ ಕಣ್ಣಿನ ಪಾಪೆ ಕೆಲವೇ ಮಿಲಿಮೀಟರ್ ಇದ್ದರೂ ಡಿಗ್ರಿಯ ಅರುವತ್ತನೆಯ ಒಂದು ಭಾಗವನ್ನು ಬಿಡಿಸಿ ನೋಡಬಲ್ಲದು, ಏಕೆಂದರೆ ಬೆಳಕಿನ ತರಂಗದೂರವು ಮಿಲಿಮೀಟರಿನ ಎರಡು ಸಾವಿರದ ಒಂದು ಭಾಗದಷ್ಟೇ. ಉಪಕರಣದ ಗಾತ್ರವನ್ನು ಮೀಟರುಗಳಲ್ಲಿ ಅಳೆದರೆ ಏನೂ ತಿಳಿಯುವುದಿಲ್ಲ, ಅದು ಎಷ್ಟು ತರಂಗದೂರಗಳಷ್ಟು ಅಗಲವಾಗಿದೆ ಎಂದು ಕೇಳಬೇಕು. ಗೌರಿಬಿದನೂರಿನ ಸಾಲು ಸುಮಾರು 160 ತರಂಗದೂರಗಳಷ್ಟು ಅಗಲವಾಗಿದ್ದರೆ, ಕಣ್ಣಿನ ಪಾಪೆ ಸಾವಿರಾರು ತರಂಗದೂರಗಳಷ್ಟು ಅಗಲವಾಗಿದೆ.