ಸೋಲಿನ ಕಡೆಯಿಂದ ಸ್ಟೆಫಿ ಗ್ರಾಫ್

ಟೆನಿಸ್ ಹೇಳಿಕೊಡುವ ಕೆಲಸ ನನ್ನದು. ಯಾವ ಆಟಗಾರ್ತಿಯ ದಾಖಲೆ ಕೈಗೆ ಬಂದರೂ ಮೊದಲು ಹುಡುಕುವುದು ಸೋಲುಗಳನ್ನು. ಯಾರ ಎದುರು, ಯಾವ ಅಂಕಣದಲ್ಲಿ, ಯಾವ ವರ್ಷ ಸೋತರು ಎಂದು ನೋಡಿದರೆ ಅವರ ಆಟ ಅರ್ಥವಾಗುತ್ತದೆ. ಬರೀ ಟ್ರೋಫಿ ಎಣಿಸಿದರೆ ಆಗುವುದಿಲ್ಲ.

ಜರ್ಮನಿಯ ಸ್ಟೆಫಿ ಗ್ರಾಫ್ ಸಿಂಗಲ್ಸ್‌ನಲ್ಲಿ ಗೆದ್ದ ಪಂದ್ಯಗಳು 900, ಸೋತದ್ದು 115. ಪ್ರಶಸ್ತಿಗಳು 107, ಅದರಲ್ಲಿ ಗ್ರ್ಯಾನ್‌ಸ್ಲಾಮ್ 22. ಅಗ್ರಪಟ್ಟದಲ್ಲಿ 377 ವಾರ. 1988ರಲ್ಲಿ ನಾಲ್ಕೂ ಗ್ರ್ಯಾನ್‌ಸ್ಲಾಮ್ ಜೊತೆಗೆ ಸೋಲ್ ಒಲಿಂಪಿಕ್ಸ್ ಚಿನ್ನ. ಮರುವರ್ಷ 86 ಗೆಲುವು, ಎರಡೇ ಸೋಲು. ಇಷ್ಟನ್ನು ಎಲ್ಲರೂ ಹೇಳುತ್ತಾರೆ.

ನನಗೆ ಇದಕ್ಕಿಂತ ದೊಡ್ಡದಾಗಿ ಕಾಣುವುದು ಆ 22ರ ಹಂಚಿಕೆ: ಆಸ್ಟ್ರೇಲಿಯಾ 4, ಫ್ರೆಂಚ್ 6, ವಿಂಬಲ್ಡನ್ 7, ಅಮೆರಿಕ 5. ಎಲ್ಲೂ ನಾಲ್ಕಕ್ಕೆ ಕಡಿಮೆಯಿಲ್ಲ. 23 ಗೆದ್ದ ಸೆರೆನಾ ವಿಲಿಯಮ್ಸ್‌ಗೆ ಪ್ಯಾರಿಸ್‌ನ ಫ್ರೆಂಚ್ ಓಪನ್‌ನಲ್ಲಿ ದಕ್ಕಿದ್ದು ಮೂರು. ಮಾರ್ಗರೆಟ್ ಕೋರ್ಟ್ ಅವರ 24ರಲ್ಲಿ 11 ತವರಿನ ಆಸ್ಟ್ರೇಲಿಯಾದಲ್ಲೇ ಬಂದವು. ವಿಂಬಲ್ಡನ್‌ನ ಹುಲ್ಲಿನ ಮೇಲೆ ಜಾರುವ ಚೆಂಡಿಗೂ ಪ್ಯಾರಿಸ್‌ನ ಆವೆಮಣ್ಣಿನಲ್ಲಿ ಎದೆಮಟ್ಟಕ್ಕೆ ಪುಟಿಯುವ ಚೆಂಡಿಗೂ ಒಂದೇ ಕಾಲು ಹೊಂದಿಕೊಳ್ಳುವುದು ಸುಲಭವಲ್ಲ. ಬಲಗೈ ಆಟಗಾರ್ತಿ ಗ್ರಾಫ್ ಅವರ ಫೋರ್‌ಹ್ಯಾಂಡನ್ನು, ಅಂದರೆ ಬಲಬದಿಯ ಹೊಡೆತವನ್ನು, ಎಲ್ಲರೂ ಹೊಗಳುತ್ತಾರೆ. ಆ ಹೊಡೆತಕ್ಕೆ ಜಾಗ ಮಾಡಿಕೊಡುತ್ತಿದ್ದುದು ಅವರ ಕಾಲುಗಳು. ಎಡಬದಿಯ ಬ್ಯಾಕ್‌ಹ್ಯಾಂಡ್ ಮೂಲೆಗೆ ಬಂದ ಚೆಂಡನ್ನೂ ಸುತ್ತಿ ಓಡಿ ಫೋರ್‌ಹ್ಯಾಂಡ್‌ನಲ್ಲೇ ಬಾರಿಸುತ್ತಿದ್ದರು.

ಹಾಗೆ ಸುತ್ತಿ ಓಡಲು ಬಿಡದವರು ಮೋನಿಕಾ ಸೆಲೆಸ್. ಎಡಗೈ ಆಟಗಾರ್ತಿ, ಎರಡೂ ಬದಿಯಲ್ಲಿ ಎರಡು ಕೈ ಹಿಡಿತ, ಚೆಂಡು ಪುಟಿದ ತಕ್ಷಣ ಹೊಡೆತ. ಎಡಗೈಯವರ ಸಹಜ ಕ್ರಾಸ್‌ಕೋರ್ಟ್ (ಅಂಕಣದ ಮೂಲೆಯಿಂದ ಮೂಲೆಗೆ ಓರೆಯಾಗಿ ಹೋಗುವ) ಫೋರ್‌ಹ್ಯಾಂಡ್ ಹೋಗುವುದೇ ಬಲಗೈಯವರ ಬ್ಯಾಕ್‌ಹ್ಯಾಂಡ್‌ಗೆ. ಅಲ್ಲಿ ಗ್ರಾಫ್ ಬಳಿ ಇದ್ದದ್ದು ಹೆಚ್ಚಾಗಿ ಸ್ಲೈಸ್, ಅಂದರೆ ಚೆಂಡಿನ ಅಡಿಯನ್ನು ಕೊಯ್ದಂತೆ ಹೊಡೆಯುವ ಹೊಡೆತ. 1992ರ ಫ್ರೆಂಚ್ ಫೈನಲ್‌ನ ಮೂರನೇ ಸೆಟ್ 10-8ಕ್ಕೆ ಸೆಲೆಸ್ ಪಾಲಾಯಿತು. ಕೆಲವೇ ವಾರಗಳ ನಂತರ ವಿಂಬಲ್ಡನ್ ಫೈನಲ್‌ನಲ್ಲಿ ಅದೇ ಸ್ಲೈಸ್ ಹುಲ್ಲಿನ ಮೇಲೆ ಏಳಲೇ ಇಲ್ಲ. ಗ್ರಾಫ್ 6-2, 6-1. ನನ್ನ ಶಿಷ್ಯರಿಗೆ ಈ ಎರಡು ಪಂದ್ಯಗಳನ್ನು ಬೆನ್ನುಬೆನ್ನಿಗೆ ನೋಡಿ ಎನ್ನುತ್ತೇನೆ. ಅಂಕಣ ಬದಲಾದರೆ ಒಂದೇ ಹೊಡೆತದ ಬೆಲೆ ಎಷ್ಟು ಬದಲಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ.

1991 ಮತ್ತು 1992ರಲ್ಲಿ ಗ್ರಾಫ್ ಗೆದ್ದದ್ದು ವರ್ಷಕ್ಕೊಂದು ವಿಂಬಲ್ಡನ್ ಮಾತ್ರ. ಉಳಿದ ಮೂರನ್ನೂ ಎರಡೂ ವರ್ಷ ಸೆಲೆಸ್ ಒಯ್ದರು. 1993ರ ಏಪ್ರಿಲ್ 30ರಂದು ಹ್ಯಾಂಬರ್ಗ್‌ನಲ್ಲಿ ಗ್ರಾಫ್ ಅಭಿಮಾನಿಯೊಬ್ಬ ಅಂಕಣದಲ್ಲೇ ಸೆಲೆಸ್ ಬೆನ್ನಿಗೆ ಚಾಕು ಹಾಕಿದ. ಆಗ ಸೆಲೆಸ್‌ಗೆ 19 ವರ್ಷ, ಎಂಟು ಗ್ರ್ಯಾನ್‌ಸ್ಲಾಮ್. ಎರಡು ವರ್ಷಕ್ಕೂ ಹೆಚ್ಚು ಕಾಲ ಅವರು ಆಡಲಿಲ್ಲ. ಮರಳಿದ ಮೇಲೆ ಗೆದ್ದದ್ದು ಇನ್ನೊಂದೇ ಗ್ರ್ಯಾನ್‌ಸ್ಲಾಮ್.

ಗ್ರಾಫ್ ಅವರ 22ರಲ್ಲಿ ಆ ದಿನಕ್ಕೆ ಮೊದಲಿನವು 11, ನಂತರದವು 11. ಎರಡನೆಯ ಹನ್ನೊಂದನ್ನು ಕಳೆದುಬಿಡಬೇಕೆಂದು ವಾದಿಸುವವರ ಜೊತೆ ನಾನಿಲ್ಲ. ಅಪರಾಧ ಅವರದಲ್ಲ, ಎದುರು ನಿಂತವರನ್ನು ಅವರು ಸೋಲಿಸಲೇಬೇಕಿತ್ತು. ಸೆಲೆಸ್ ಮರಳಿದ ಮೇಲೆ 1995 ಮತ್ತು 1996ರ ಅಮೆರಿಕನ್ ಓಪನ್ ಫೈನಲ್‌ಗಳಲ್ಲಿ ಗೆದ್ದದ್ದೂ ಗ್ರಾಫೇ. ಆದರೆ ಆ ಅಂಕಿಯನ್ನು ಹಿಡಿದು 'ಸಾರ್ವಕಾಲಿಕ ಶ್ರೇಷ್ಠರು ಯಾರು' ಎಂದು ತೀರ್ಪು ಕೊಡುವವರ ಜೊತೆಗೂ ಇಲ್ಲ. ನಡುವಿನ ಆ ವರ್ಷಗಳಲ್ಲಿ ಏನಾಗಬಹುದಿತ್ತು ಎಂಬುದಕ್ಕೆ ಯಾವ ಪಟ್ಟಿಯಲ್ಲೂ ಕಾಲಂ ಇಲ್ಲ.

ತಕರಾರಿಗೆ ಎಡೆಯೇ ಇಲ್ಲದ ಒಂದು ಪ್ರಶಸ್ತಿ ಬೇಕೆಂದರೆ ಕೊನೆಯದನ್ನು ನೋಡಿ. 1999ರ ಪ್ಯಾರಿಸ್, ಗ್ರಾಫ್‌ಗೆ ಇನ್ನೇನು 30. ಕ್ವಾರ್ಟರ್‌ಫೈನಲ್‌ನಲ್ಲಿ ಎರಡನೇ ರ್‍ಯಾಂಕಿನ ಲಿಂಡ್ಸೆ ಡೆವೆನ್‌ಪೋರ್ಟ್, ಸೆಮಿಫೈನಲ್‌ನಲ್ಲಿ ಮೂರನೇ ರ್‍ಯಾಂಕಿನ ಸೆಲೆಸ್, ಫೈನಲ್‌ನಲ್ಲಿ ಅಗ್ರ ರ್‍ಯಾಂಕಿನ ಮಾರ್ಟಿನಾ ಹಿಂಗಿಸ್. ಸೆಲೆಸ್ ಮತ್ತು ಹಿಂಗಿಸ್ ಇಬ್ಬರ ಎದುರೂ ಮೊದಲ ಸೆಟ್ ಕಳೆದುಕೊಂಡೇ ಗೆದ್ದರು. ಆಗಸ್ಟ್‌ನಲ್ಲಿ ನಿವೃತ್ತಿ ಘೋಷಿಸಿದಾಗ ಅವರ ರ್‍ಯಾಂಕ್ 3.